ಓಟಗಾರರ ರಕ್ತ ಪರೀಕ್ಷೆ: ಗಾಬರಿ ಬೇಡ, ಉದಾಸೀನವೂ ಬೇಡ

ದೂರದ ಓಟ, ಸೈಕ್ಲಿಂಗ್, ಈಜು ಮುಂತಾದ ಕ್ರೀಡೆಗಳಿಗೆ ದಿನವೂ ಅಭ್ಯಾಸ ನಡೆಸುವವರ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ನಿರೀಕ್ಷೆಗಿಂತ ಕಡಿಮೆ ಇರುವುದುಂಟು. ಇಷ್ಟು ಚಟುವಟಿಕೆಯಿಂದಿರುವ ಮಗನಿಗೋ ಮಗಳಿಗೋ ರಕ್ತ ಏಕೆ ಕಡಿಮೆಯಾಯಿತೆಂದು ತಂದೆ ತಾಯಿ ಗಾಬರಿಯಾಗುತ್ತಾರೆ. ಕೆಲವರು ಅಂಗಡಿಯಿಂದ ಟಾನಿಕ್ ತಂದು ಕುಡಿಸಿದರೆ, ಇನ್ನು ಕೆಲವರು ಓಟವನ್ನೇ ನಿಲ್ಲಿಸಿಬಿಡುತ್ತಾರೆ. ಎರಡೂ ಅವಸರದ ಕ್ರಮಗಳೇ.

ತೆಳುವಾದ ರಕ್ತ

ಕ್ರಮವಾಗಿ ಅಭ್ಯಾಸ ಆರಂಭಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಶೇ 10ರಿಂದ 20ರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳು, ತಿಂಗಳುಗಳೇ ಬೇಕು. ಉದಾಹರಣೆಗೆ, 5 ಲೀಟರ್ ರಕ್ತವಿರುವ ವ್ಯಕ್ತಿಯಲ್ಲಿ ಪ್ರತಿ 100 ಮಿಲಿಲೀಟರಿಗೆ 14 ಗ್ರಾಂ ಹಿಮೋಗ್ಲೋಬಿನ್ ಇದೆಯೆನ್ನಿ. ಒಟ್ಟು 700 ಗ್ರಾಂ ಆಯಿತು. ಪ್ಲಾಸ್ಮಾ 400 ಮಿಲಿಲೀಟರ್ ಹೆಚ್ಚಿದರೆ ಒಟ್ಟು ಹಿಮೋಗ್ಲೋಬಿನ್ ಅಷ್ಟೇ ಇದ್ದರೂ ವರದಿಯಲ್ಲಿ 13 ಎಂದು ಬರುತ್ತದೆ. ಇದು ರಕ್ತಹೀನತೆಯಲ್ಲ. ರಕ್ತದ ಪ್ರಮಾಣ ಹೆಚ್ಚಿದ್ದರಿಂದ ಹೃದಯ ಪ್ರತಿ ಬಡಿತದಲ್ಲೂ ಹೆಚ್ಚು ರಕ್ತವನ್ನು ಹೊರದೂಡಬಲ್ಲದು. ಬೆವರಿ ದೇಹವನ್ನು ತಂಪಾಗಿಸಿಕೊಳ್ಳುವುದೂ ಸುಲಭ.

ನಿಜವಾದ ಕೊರತೆ

ಆದರೆ ಎಲ್ಲ ಇಳಿಕೆಯೂ ಇಂಥದೇ ಎಂದು ಸುಮ್ಮನಿರುವಂತಿಲ್ಲ. ಪಾದ ನೆಲಕ್ಕೆ ಅಪ್ಪಳಿಸಿದಾಗ ಕೆಲವು ಕೆಂಪುಕಣಗಳು ಒಡೆಯುತ್ತವೆ. ಬೆವರಿನಲ್ಲೂ ಕರುಳಿನ ಮೂಲಕವೂ ಸ್ವಲ್ಪ ಕಬ್ಬಿಣಾಂಶ ನಷ್ಟವಾಗುತ್ತದೆ. ಇದರ ಜೊತೆಗೆ, ಕಠಿಣ ವ್ಯಾಯಾಮದ ನಂತರ 3ರಿಂದ 6 ಗಂಟೆಗಳ ವೇಳೆಗೆ ಯಕೃತ್ತಿನಲ್ಲಿ ತಯಾರಾಗುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಆಹಾರದಲ್ಲಿನ ಕಬ್ಬಿಣಾಂಶ ಹೀರಿಕೆಯಾಗದಂತೆ ತಡೆಯುತ್ತದೆ. ಮುಟ್ಟಿನ ರಕ್ತಸ್ರಾವವಿರುವ ಹುಡುಗಿಯರಿಗೆ ಅಪಾಯ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿ ರಕ್ತಹೀನರು.

ಎರಡನ್ನೂ ಬೇರ್ಪಡಿಸಿ ತಿಳಿಯಲು ಫೆರಿಟಿನ್ ಪರೀಕ್ಷೆ ನೆರವಾಗುತ್ತದೆ. ಇದು ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶದ ಸೂಚಕ. ಕೊರತೆಯಲ್ಲಿ ಹಿಮೋಗ್ಲೋಬಿನ್ ಇಳಿಯುವ ಮೊದಲೇ ಇದು ಇಳಿಯುತ್ತದೆ. ರಕ್ತ ಕೇವಲ ತೆಳುವಾಗಿದ್ದರೆ ಹೀಗಾಗದು.

ಸ್ಪರ್ಧೆಯ ನಂತರ

ಮ್ಯಾರಥಾನ್ ಮುಗಿದ ಕೂಡಲೇ ಬಿಳಿ ರಕ್ತಕಣಗಳ ಸಂಖ್ಯೆ ಸೋಂಕು ತಗಲಿದವರಲ್ಲಿರುವಂತೆ ಏರಿ, ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ದಣಿದ ಸ್ನಾಯುಗಳಿಂದ ಸೋರುವ ಸಿ.ಕೆ. ಎಂಬ ಕಿಣ್ವ ಮರುದಿನ ಸಾವಿರಗಟ್ಟಲೆ ಏರಬಹುದು. ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ. ಕೂಡ ಸ್ನಾಯುಗಳಿಂದ ಬರುವುದರಿಂದ ಯಕೃತ್ತಿನ ಕಾಯಿಲೆಯೆಂದು ತಪ್ಪು ತಿಳಿಯುವ ಸಂಭವವಿದೆ. ಆದ್ದರಿಂದ ಪರೀಕ್ಷೆಗೆ ಬರುವವರು ಇತ್ತೀಚೆಗೆ ಓಡಿದ್ದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ನೀರೂ ಅತಿಯಾಗಬಾರದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೊಳಗಾದ 488 ಓಟಗಾರರ ಪೈಕಿ ಶೇ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಿದವರಲ್ಲೇ ಇದು ಹೆಚ್ಚಾಗಿ ಕಂಡುಬಂತು. ತಲೆನೋವು, ವಾಂತಿ, ಗೊಂದಲದ ಮಾತು ಇದರ ಲಕ್ಷಣಗಳು. ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು.

ಏನು ಮಾಡಬೇಕು?

* ಕಠಿಣ ಅಭ್ಯಾಸದ ನಂತರ ಎರಡು ಮೂರು ದಿನ ಬಿಟ್ಟು ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸಿ. ಹಳೆಯ ವರದಿಗಳನ್ನು ಜೋಪಾನವಾಗಿಡಿ.

* ಸೊಪ್ಪು, ಹುರುಳಿ, ಮೊಳಕೆ ಕಾಳು, ಮಾಂಸಾಹಾರಿಗಳಾದರೆ ಮಾಂಸ, ಮೀನು ಸೇವಿಸಿ. ಊಟದೊಂದಿಗೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇರಲಿ. ಊಟವಾದ ಕೂಡಲೇ ಕಾಫಿ, ಟೀ ಬೇಡ. ಅವು ಕಬ್ಬಿಣಾಂಶ ಹೀರಿಕೆಗೆ ಅಡ್ಡಿ.

* ಪರೀಕ್ಷೆಯಿಲ್ಲದೆ ಕಬ್ಬಿಣಾಂಶದ ಮಾತ್ರೆ ನುಂಗಬೇಡಿ. ಅತಿಯಾದ ಕಬ್ಬಿಣಾಂಶ ಯಕೃತ್ತಿಗೆ ಹಾನಿಕರ.

* ಸುಸ್ತು, ಏದುಸಿರು, ಮುಟ್ಟು ನಿಂತುಹೋಗುವುದು, ಕಪ್ಪು ಮಲ, ಇವುಗಳಿದ್ದರೆ ವೈದ್ಯರನ್ನು ಕಾಣಿ. ಓಟದ ನಂತರ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಎದೆನೋವು ಅಥವಾ ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ವರದಿಯ ಒಂದು ಅಂಕಿಯಿಂದ ರೋಗವನ್ನು ನಿರ್ಧರಿಸಲಾಗದು. ಓಡುವವರ ಅಭ್ಯಾಸ, ಆಹಾರ, ವಿಶ್ರಾಂತಿ ಇವನ್ನೆಲ್ಲ ಕೇಳಿ ತಿಳಿದ ನಂತರವೇ ಆ ಅಂಕಿಗೆ ಅರ್ಥ ಬರುತ್ತದೆ.