ನಕ್ಷತ್ರ ಚಿಹ್ನೆಯ ವ್ಯಾಕರಣ

ಕೊಳ್ಳೇಗಾಲ ಸೀಮೆಯು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. ಹನೂರಿನ ಕಡೆಯ ಗ್ರಾಮಗಳಲ್ಲಿ ಇಂದಿಗೂ ಕನ್ನಡ ತಮಿಳುಗಳೆರಡೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಆದಕಾರಣ 'ಈ ಎರಡರಲ್ಲಿ ತಾಯಿ ಯಾವುದು, ಮಗಳು ಯಾವುದು?' ಎಂಬ ಪ್ರಶ್ನೆ ನಮ್ಮ ವಿದ್ಯಾರ್ಥಿಗಳಲ್ಲಿ ಏಳುವುದು ಸಹಜ. 2025ರಲ್ಲಿ ಚಲನಚಿತ್ರ ನಟರೊಬ್ಬರ ಮಾತಿನಿಂದ ಇದೇ ಪ್ರಶ್ನೆ ನಾಡಿನಾದ್ಯಂತ ವಿವಾದವಾಯಿತು. ಇದಕ್ಕೆ ಅಭಿಮಾನದಿಂದಲ್ಲ, ಶಾಸ್ತ್ರದಿಂದ ಉತ್ತರ ಹೇಳಬೇಕು.

ಆ ಶಾಸ್ತ್ರದ ಮಾರ್ಗವನ್ನು ಯೂರೋಪಿನ ಪಂಡಿತರು ಸ್ಪಷ್ಟಪಡಿಸಿದರು. ಇಂಗ್ಲಿಷ್, ಜರ್ಮನ್, ಡಚ್ ಮೊದಲಾದವುಗಳಿಗೆ ಮೂಲವಾದ ಮೂಲ ಜರ್ಮಾನಿಕ್ ಭಾಷೆಯಲ್ಲಿ ಒಂದು ಗ್ರಂಥವೂ ಉಳಿದಿಲ್ಲ. ಆದರೂ ಅದರ ವ್ಯಾಕರಣವನ್ನು ಮಕ್ಕಳ ಭಾಷೆಗಳ ಹೋಲಿಕೆಯಿಂದ ಪುನಾರಚಿಸಿದ್ದಾರೆ. ಸಂಸ್ಕೃತದ 'ಪಿತೃ', 'ಪಾದ' ಶಬ್ದಗಳಿಗೆ ಇಂಗ್ಲಿಷಿನಲ್ಲಿ 'ಫಾದರ್', 'ಫುಟ್' ಎಂದಿರುವುದನ್ನು ನೋಡಿರಿ. ಪಕಾರಕ್ಕೆ ಫಕಾರ ಬರುವ ಈ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದನು. ಹೀಗೆ ಊಹಿಸಿದ ರೂಪದ ಹಿಂದೆ ಒಂದು ನಕ್ಷತ್ರ ಚಿಹ್ನೆ ಇಡುವುದು ವಾಡಿಕೆ. ಈ ಶಬ್ದವು ಬರಹದಲ್ಲಿ ದೊರೆತುದಲ್ಲ, ತರ್ಕದಿಂದ ಪಡೆದುದು ಎಂಬುದೇ ಅದರ ಅರ್ಥ.

ನಮ್ಮ ನುಡಿಗೂ ಇದು ಅನ್ವಯಿಸುತ್ತದೆ. ಪಂಪನ ಕಾಲದ 'ಪಾಲ್', 'ಪುಲಿ', 'ಪೂ' ಎಂಬುವು ಈಗ ಹಾಲು, ಹುಲಿ, ಹೂವು ಆಗಿವೆ. ತಮಿಳಿನಲ್ಲಿ ಪಕಾರವೇ ನಿಂತಿದೆ. ಅಪ್ಪ, ಉಪ್ಪುಗಳಲ್ಲಿರುವ ದ್ವಿತ್ವ ಪಕಾರ ಮಾತ್ರ ಬದಲಾಗಲಿಲ್ಲ. ಯಳಂದೂರಿನ ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ವೆಂಬ ಹೆಸರಿನಲ್ಲೇ ಇದಕ್ಕೆ ಸಾಕ್ಷಿಯಿದೆ: 'ಪತಿವ್ರತೆ'ಯ ತದ್ಭವವಾದ 'ಹದಿಬದೆ'ಯಲ್ಲಿ ಪಕಾರ ಹಕಾರವಾಯಿತು, ಸಂಸ್ಕೃತದಿಂದ ನೇರವಾಗಿ ಪಡೆದ 'ಪತಿವ್ರತೆ'ಯಲ್ಲಿ ಆಗಲಿಲ್ಲ.

ಇಷ್ಟರಿಂದಲೇ ತಮಿಳು ತಾಯಿಯೆನ್ನಬಹುದೆ? ಅನ್ನಲಾಗದು. ನಮ್ಮ 'ಕಿವಿ'ಗೆ ತಮಿಳು ತೆಲುಗುಗಳಲ್ಲಿ 'ಚೆವಿ'. ಹಳಗನ್ನಡದ 'ಕೆಯ್' ಧಾತುವಿಗೆ ತಮಿಳಿನಲ್ಲಿ 'ಚೆಯ್'. 'ಕೆರೆ'ಗೆ ತೆಲುಗಿನಲ್ಲಿ 'ಚೆರುವು'. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡದ್ದು ಕನ್ನಡ. ಮೂಲರೂಪವು '*ಕೆವಿ': ಅದರ ವ್ಯಂಜನವನ್ನು ಕನ್ನಡವೂ ಸ್ವರವನ್ನು ತಮಿಳೂ ಕಾಪಾಡಿವೆ. ಒಬ್ಬಳು ತಾಯಿಯ ಓಲೆಯನ್ನು, ಇನ್ನೊಬ್ಬಳು ಬಳೆಯನ್ನು ಇಟ್ಟುಕೊಂಡಂತೆ. ಇಬ್ಬರೂ ಸೋದರಿಯರು, ತಾಯಿ ಮೂಲದ್ರಾವಿಡ.

ವ್ಯಾಕರಣದಲ್ಲೂ ಹೀಗೆಯೇ. ಕೇಳುವವನನ್ನು ಸೇರಿಸಿಕೊಂಡ 'ನಾವು' ತಮಿಳಿನಲ್ಲಿ 'ನಾಮ್', ಅವನನ್ನು ಬಿಟ್ಟ 'ನಾವು' 'ನಾಂಗಳ್'. ತೆಲುಗಿನಲ್ಲಿ 'ಮನಮು', 'ಮೇಮು'. ಈ ಭೇದ ಮೂಲದ್ರಾವಿಡದಲ್ಲಿ ಇದ್ದಿತು. ಕನ್ನಡವು ಅದನ್ನು ಕಳೆದುಕೊಂಡಿತು.

ಒಂದು ಎಚ್ಚರಿಕೆ ಅವಶ್ಯ. ಇಂಗ್ಲಿಷಿನ 'ಲವ್ಡ್' ಎಂಬಲ್ಲಿಯೂ ನಮ್ಮ 'ನುಡಿದನು' ಎಂಬಲ್ಲಿಯೂ ಭೂತಕಾಲಕ್ಕೆ ದಕಾರದಂತಹ ಪ್ರತ್ಯಯವುಂಟು. ಇದು ಆಕಸ್ಮಿಕ ಸಾದೃಶ್ಯವೇ ಹೊರತು ಬಾಂಧವ್ಯವಲ್ಲ. ಅನೇಕ ಶಬ್ದಗಳಲ್ಲಿ ನಿಯಮಬದ್ಧವಾಗಿ ಕಾಣುವ ಸಂವಾದವೇ ಪ್ರಮಾಣ.

ದಕ್ಷಿಣದ ನುಡಿಗಳು ಒಂದು ಕುಲದವೆಂದು ಎಲ್ಲಿಸ್ 1816ರಲ್ಲಿ ಸೂಚಿಸಿದನು. ಕಾಲ್ಡ್‌ವೆಲ್ 1856ರಲ್ಲಿ ತೌಲನಿಕ ವ್ಯಾಕರಣ ಬರೆದನು. ಬರೋ ಮತ್ತು ಎಮೆನೋ 1961ರಲ್ಲಿ ನಿಷ್ಪತ್ತಿಕೋಶವನ್ನು ಪ್ರಕಟಿಸಿದರು. ಈ ಪಂಡಿತರಿಗೆ ಗ್ರಂಥಗಳಷ್ಟೇ ಅಲ್ಲ, ಲಿಪಿಯಿಲ್ಲದ ಗಿರಿಜನರ ಮಾತೂ ಪ್ರಮಾಣವಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ವಾಸಿಸುವ ಸೋಲಿಗರ ನುಡಿ ಕನ್ನಡಕ್ಕೆ ಅತಿ ಸಮೀಪದ್ದು. ತರಗತಿಯಲ್ಲಿ ಅದನ್ನು 'ಅಶುದ್ಧ'ವೆಂದು ತಿದ್ದಿಬಿಟ್ಟರೆ, ನಕ್ಷತ್ರ ಚಿಹ್ನೆಯಿಲ್ಲದೆ ಬರೆಯಬಹುದಾದ ಒಂದು ಶಬ್ದ ನಾಳೆ ಊಹೆಗೆ ಬಿಟ್ಟದ್ದಾಗುತ್ತದೆ. ಅಧ್ಯಾಪಕ ಬಂಧುಗಳು ತಿದ್ದುವ ಮೊದಲು ಅದನ್ನು ಬರೆದಿಟ್ಟುಕೊಳ್ಳಲಿ ಎಂದು ವಿನಂತಿಸುತ್ತೇನೆ.