ಹುಬ್ಬಳ್ಳಿಯಿಂದ ಜಿದ್ದಾ: ಆಕಾಶದಲ್ಲಿ ಮಗ್ರಿಬ್ ಯಾವಾಗ?

ಹುಬ್ಬಳ್ಳಿಯಿಂದ ಜಿದ್ದಾಕ್ಕೆ ನೇರ ವಿಮಾನವಿಲ್ಲ. ಇಲ್ಲಿ ನೆಲೆಸಿರುವ ನಮ್ಮ ಬ್ಯಾರಿ ಮನೆಯವರು ಉಮ್ರಾಕ್ಕೆ ಹೊರಟರೆ ಹೆಚ್ಚಾಗಿ ರಾತ್ರಿ ಬಸ್ಸಲ್ಲೇ ಬೆಂಗಳೂರು ಸೇರುವುದು. ಆ ಸುಮಾರು 410 ಕಿ.ಮೀ. ದಾರಿಗೆ ಏಳೆಂಟು ಗಂಟೆ ಬೇಕು. ಬೆಂಗಳೂರಿಂದ ಜಿದ್ದಾ ಸುಮಾರು 4,200 ಕಿ.ಮೀ.; ವಿಮಾನಕ್ಕೆ ಆರು ಗಂಟೆ ಹತ್ತಿರ ಸಾಕು!

ಸೌದಿ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ತೊಡಕಾಗುವುದು ರಮಝಾನಿನಲ್ಲಿ. ಸಂಜೆ 5ಕ್ಕೆ ವಿಮಾನ ಹೊರಟಿತು ಅನ್ನಿ. ಬೆಂಗಳೂರಿನ ಮಗ್ರಿಬ್ ಸುಮಾರು 6.30ಕ್ಕೆ. ಆಗ ವಾಚ್ ನೋಡಿ ಖರ್ಜೂರ ಬಾಯಿಗಿಟ್ಟರೆ ಉಪವಾಸ ಹೋಯ್ತು. ಯಾಕೆಂದರೆ ವಿಮಾನ ಪಶ್ಚಿಮಕ್ಕೆ, ಸೂರ್ಯನ ಬೆನ್ನು ಹಿಡಿದೇ ಹೋಗುತ್ತದೆ. ಕಿಟಕಿಯಲ್ಲಿ ಇನ್ನೂ ಬಿಸಿಲು. ಸೂರ್ಯ ಮುಳುಗುವಾಗ ನಮ್ಮ ವಾಚಲ್ಲಿ ಎಂಟಾದರೂ ಆದೀತು. ಇಫ್ತಾರ್ ಇರುವುದು ಕಣ್ಣೆದುರಿನ ಸೂರ್ಯಾಸ್ತಕ್ಕೆ, ಬಿಟ್ಟು ಬಂದ ಊರಿನ ಬಾಂಗಿಗಲ್ಲ. ವಯಸ್ಸಾದ ಉಮ್ಮಂದಿರಿಗೆ ಇದು ಕಷ್ಟವೇ. ಸುಬುಹಿಗೆ ಮೊದಲೇ ಊರ ಗಡಿ ದಾಟಿದ ಮುಸಾಫಿರರಿಗೆ ಆ ದಿನದ ಉಪವಾಸ ಬಿಡುವ ರಿಯಾಯಿತಿ ಇದೆ, ಆಮೇಲೆ ಖಝಾ ಮಾಡಬೇಕು.

ಇನ್ನೊಂದು, ಇಹ್ರಾಮ್ ಬಟ್ಟೆಯನ್ನು ದೊಡ್ಡ ಪೆಟ್ಟಿಗೆಗೆ ತುಂಬಿಸಿ ಕೊಡಬೇಡಿ. ನೇರ ಮಕ್ಕಾಕ್ಕೆ ಹೋಗುವವರಿಗೆ ಮೀಖಾತ್ ಆಕಾಶದಲ್ಲೇ ದಾಟಿಹೋಗುತ್ತದೆ. ಬೆಂಗಳೂರಲ್ಲೇ ಉಟ್ಟುಕೊಂಡು, ಮೀಖಾತ್ ದಾಟುವ ಮೊದಲೇ ನಿಯ್ಯತ್ ಮಾಡಿ.