ಅಂದಾಜು ಬಿಟ್ಟ ಹೆರಿಗೆ ಕೋಣೆ

ಹೆರಿಗೆಯಾದ ಮೇಲೆ ಬಾಣಂತಿಯ ಮೈಯಿಂದ ಎಷ್ಟು ರಕ್ತ ಹೋಯಿತು? ಆಸ್ಪತ್ರೆಗಳಲ್ಲಿ ಬಹಳ ಕಾಲ ಈ ಪ್ರಶ್ನೆಗೆ ಸಿಗುತ್ತಿದ್ದದ್ದು ಕಣ್ಣಳತೆಯ ಉತ್ತರ. ನೆನೆದ ಬಟ್ಟೆ, ಟೇಬಲ್ಲಿನ ಕೆಳಗಿಟ್ಟ ಬಕೆಟ್ಟು, ನೆಲಕ್ಕೆ ಹರಿದದ್ದು ಇಷ್ಟನ್ನು ನೋಡಿ ‘ಮುನ್ನೂರು ಎಂ.ಎಲ್. ಇರಬಹುದು’ ಎಂದು ಕೇಸ್‌ಶೀಟಿನಲ್ಲಿ ಬರೆದರೆ ಮುಗಿಯಿತು. ನರ್ಸಿಂಗ್ ಪುಸ್ತಕ ಮಾತ್ರ 500 ಎಂ.ಎಲ್. ದಾಟಿದರೆ ಅದು ಪ್ರಸವೋತ್ತರ ರಕ್ತಸ್ರಾವ, ತಕ್ಷಣ ಚಿಕಿತ್ಸೆ ಶುರುಮಾಡಬೇಕು ಎಂದು ಖಚಿತವಾಗಿ ಹೇಳುತ್ತಿತ್ತು. ನಿಯಮ ಅಂಕಿಯಲ್ಲಿ, ಅಳತೆ ಊಹೆಯಲ್ಲಿ!

ಊಹೆ ಎಷ್ಟು ತಪ್ಪುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದ್ದು ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳ ಜೊತೆಗೂಡಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಮಗು ಹುಟ್ಟಿದ ಕೂಡಲೇ ಅದನ್ನು ತಾಯಿಯ ಸೊಂಟದ ಕೆಳಗೆ ಹಾಸಿ ಕಟ್ಟುತ್ತಾರೆ. ಅದರ ತುದಿಯಲ್ಲಿ ಲಾಳಿಕೆಯಾಕಾರದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ರೂಪಿಸಿದವರ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ‘ಬ್ರಾಸ್-ವಿ’ ಎಂದು ಕರೆದರು. ಕಣ್ಣಳತೆಯನ್ನೂ ಚೀಲದ ಅಳತೆಯನ್ನೂ ಹೋಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಣ್ಣಿನ ಅಂದಾಜು ಚೀಲ ತೋರಿಸಿದ್ದಕ್ಕಿಂತ ಶೇ 33ರಷ್ಟು ಕಡಿಮೆಯಿತ್ತು. ಎಂದರೆ ನಿಜಕ್ಕೂ ಆರುನೂರು ಹೋಗಿರುವಲ್ಲಿ ಕೇಸ್‌ಶೀಟು ನಾನೂರು ಎನ್ನುತ್ತದೆ. ಪುಸ್ತಕದ ಗಡಿ ದಾಟಿರುವುದು ಯಾರಿಗೂ ಗೊತ್ತಾಗುವುದಿಲ್ಲ.

ಅದೇ ಚೀಲ ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ದೊಡ್ಡ ಕೆಲಸ ಮಾಡಿತು. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಚುಚ್ಚುಮದ್ದು ಇದೆಯಾದರೂ ಅದನ್ನು ತಂಪಿನಲ್ಲಿ ಕಾಪಾಡಬೇಕು, ಚುಚ್ಚಲು ಕೈ ಪಳಗಿರಬೇಕು. ಕರೆಂಟು ಬಂದು ಹೋಗುವ ಉಪಕೇಂದ್ರದಲ್ಲೋ ಮನೆಯಲ್ಲೋ ಹೆರಿಗೆಯಾದರೆ ಏನು ಗತಿ? ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಸೂಜಿಯೂ ಬೇಡ. ಅದು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು 2002ರಿಂದ 2005ರವರೆಗೆ ಪರೀಕ್ಷೆ ನಡೆಯಿತು. 1620 ಬಾಣಂತಿಯರಲ್ಲಿ ಅರ್ಧದಷ್ಟು ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಹೋಯಿತೆಂದು ಕೊಟ್ಟವರಿಗೂ ಗೊತ್ತಿಲ್ಲ.

ಕೊಟ್ಟವರು ಯಾರೆನ್ನುವುದೇ ಇಲ್ಲಿ ಮುಖ್ಯ. ಹೆರಿಗೆ ಮಾಡಿಸಿದವರು, ಮಾತ್ರೆ ನುಂಗಿಸಿದವರು, ರಕ್ತ ಅಳೆದವರು ಎಲ್ಲರೂ 25 ಮಂದಿ ಎಎನ್‌ಎಂಗಳು. ಹಳ್ಳಿಯ ಬಾಯಲ್ಲಿ ‘ನರ್ಸಮ್ಮ’, ‘ಸಿಸ್ಟರ್’ ಎನಿಸಿಕೊಂಡು ಲಸಿಕೆಯ ಪೆಟ್ಟಿಗೆ ಹೆಗಲಿಗೇರಿಸಿ ಓಡಾಡುವವರು. ಡಾಕ್ಟರ್ ಬರೆದದ್ದನ್ನು ಪಾಲಿಸುವುದಷ್ಟೇ ಅವರ ಕೆಲಸವೆಂದು ಆಸ್ಪತ್ರೆಗಳು ಇಂದಿಗೂ ನಂಬಿವೆ. ಆದರೆ ಅವರು ಅಳೆದು ಬರೆದ ಅಂಕಿಗಳೇ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದವು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು, ತೀವ್ರ ಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಹದಿನೆಂಟು ಜನಕ್ಕೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ. ಸ್ವಲ್ಪ ಹೊತ್ತಿನ ಚಳಿನಡುಕ, ಜ್ವರ ಹೆಚ್ಚಾಗಿ ಕಂಡವು, ಅದನ್ನೂ ಬರೆದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ಉಪಯೋಗಕ್ಕೂ ಮಿಸೊಪ್ರೊಸ್ಟಾಲನ್ನು ಸೇರಿಸಿತು.

ಸಾಕ್ಷ್ಯಾಧಾರಿತ ಆರೈಕೆ ಎಂಬ ಭಾರಿ ಪದದ ಒಳಗಿರುವುದು ಇಂಥ ಕೆಲಸವೇ. ಯಾರದೋ ಅನುಭವ, ಹಿರಿಯರ ವಾಡಿಕೆ, ಪಠ್ಯಪುಸ್ತಕದ ಹಳೆಯ ವಾಕ್ಯ ಇವನ್ನೆಲ್ಲ ಒಮ್ಮೆ ಪಕ್ಕಕ್ಕಿಟ್ಟು, ಹೀಗೆ ಮಾಡಿದಾಗ ಏನಾಯಿತು, ಮಾಡದಿದ್ದಾಗ ಏನಾಯಿತು ಎಂದು ಲೆಕ್ಕವಿಟ್ಟು ನೋಡುವುದು. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ತಜ್ಞರು ಬರೆದುಕೊಡುವುದೇ ಮಾರ್ಗಸೂಚಿ. ಅದು ಹೊಸದನ್ನು ಸೇರಿಸುವಷ್ಟೇ ಹಳೆಯದನ್ನು ಕಿತ್ತೂ ಹಾಕುತ್ತದೆ. ಹೆರಿಗೆಗೆ ಬಂದ ಪ್ರತಿಯೊಬ್ಬಳಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು ಒಂದು ಕಾಲಕ್ಕೆ ನರ್ಸಿಂಗ್ ವಿದ್ಯಾರ್ಥಿನಿ ಕಲಿಯುತ್ತಿದ್ದ ಮೊದಲ ಪಾಠ. ಅದರಿಂದ ಸೋಂಕು ಕಡಿಮೆಯಾಗುತ್ತದೆಂದು ಎಲ್ಲರೂ ನಂಬಿದ್ದರು. ಪರೀಕ್ಷಿಸಿ ನೋಡಿದರೆ ಲಾಭ ಕಾಣಲಿಲ್ಲ, ತಾಯಿಗೆ ಉಳಿದದ್ದು ಉರಿ ಮತ್ತು ನಾಚಿಕೆ. ಈಗ ಮಾರ್ಗಸೂಚಿ ಎರಡನ್ನೂ ಬೇಡವೆನ್ನುತ್ತದೆ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದ ಕಡೆ ಈಗ ಕನಿಷ್ಠ ಒಂದು ನಿಮಿಷ ಕಾಯುತ್ತಾರೆ. ಆ ಒಂದೆರಡು ನಿಮಿಷದಲ್ಲಿ ಮಾಸಿನಿಂದ ಮಗುವಿಗೆ ಹರಿಯುವ ರಕ್ತ ಮುಂದಿನ ತಿಂಗಳುಗಳಲ್ಲಿ ಅದರ ಕಬ್ಬಿಣದ ಕೊರತೆಯನ್ನು ತಡೆಯುತ್ತದೆ. ನೋವಿನ ನಡುವೆ ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ಮಗುವನ್ನು ಕೆಳಗೆ ತಳ್ಳುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿದೆ. ಅದು ಎಷ್ಟು ಕಡೆ ನಿಂತಿದೆ ಎಂದು ಈಚೆಗೆ ಹೆತ್ತ ಹೆಣ್ಣುಮಕ್ಕಳನ್ನೇ ಕೇಳಬೇಕು.

ಬೆಳಗಾವಿಯ ಚೀಲದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಂಥದೇ ಗೆರೆ ಹಾಕಿದ ಚೀಲವನ್ನು ಇಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ‘ಇ-ಮೋಟಿವ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಚೀಲದಲ್ಲಿ ರಕ್ತ ಅಪಾಯದ ಗೆರೆ ಮುಟ್ಟಿದರೆ ನರ್ಸ್ ಅಥವಾ ಸೂಲಗಿತ್ತಿ ಯಾರನ್ನೂ ಕಾಯದೆ ಗರ್ಭಕೋಶ ತೀಡುವುದು, ಆಕ್ಸಿಟೋಸಿನ್, ರಕ್ತ ಹೆಪ್ಪುಗಟ್ಟಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳಗಿನ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಕು. ಒಂದಾದ ಮೇಲೆ ಒಂದು ಮಾಡಿ ನೋಡೋಣ ಎಂಬ ಹಳೆಯ ರೂಢಿ ಬೇಡ. 2023ರಲ್ಲಿ ಫಲಿತಾಂಶ ಬಂತು. ಹಳೆಯ ಪದ್ಧತಿ ಇದ್ದ ಆಸ್ಪತ್ರೆಗಳಲ್ಲಿ ರಕ್ತಸ್ರಾವದ ಪ್ರಕರಣಗಳಲ್ಲಿ ಶೇ 51ರಷ್ಟು ಮಾತ್ರ ಗುರುತಿಗೆ ಸಿಕ್ಕಿದ್ದವು. ಹೊಸ ಪದ್ಧತಿಯಲ್ಲಿ ಶೇ 93. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ಅದರಿಂದಾಗುವ ಸಾವು ಈ ಮೂರನ್ನೂ ಕೂಡಿಸಿ ನೋಡಿದರೆ ಶೇ 4.3 ಇದ್ದದ್ದು ಶೇ 1.6ಕ್ಕೆ ಬಂದಿತ್ತು. ಬಳಸಿದ ಔಷಧಗಳಲ್ಲಿ ಒಂದೂ ಹೊಸದಲ್ಲ.

ಇಷ್ಟು ಓದಿದವರಿಗೆ ಮಾಡಬೇಕಾದದ್ದನ್ನೆಲ್ಲ ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಸಾಕೆನಿಸಬಹುದು. ಅದಕ್ಕೂ ಪರೀಕ್ಷೆ ನಡೆದಿದೆ, ಅದೂ ಬೆಳಗಾವಿ ಜಿಲ್ಲೆಯಿಂದಲೇ ಶುರುವಾಗಿ. ಹೆರಿಗೆಯ ಹೊತ್ತಿನಲ್ಲಿ ತಪ್ಪದೆ ಮಾಡಬೇಕಾದ ಕೆಲಸಗಳ ಒಂದು ಚೆಕ್‌ಲಿಸ್ಟನ್ನು ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿ ಗೋಕಾಕದ ಆಸ್ಪತ್ರೆಯಲ್ಲಿ ಪ್ರಯೋಗಿಸಿತು. ಗ್ಲೌಸು, ಕೈತೊಳೆತ, ಬಿಪಿ, ಮಗುವಿಗೆ ಉಸಿರು ಕೊಡುವ ಬ್ಯಾಗು ಕೈಗೆಟುಕುವಲ್ಲಿ ಇದೆಯೇ ಎಂಬಂಥ 29 ಅಂಶಗಳು. ಮೊದಲು ಪ್ರತಿ ಹೆರಿಗೆಯಲ್ಲಿ ಸರಾಸರಿ ಹತ್ತು ನಡೆಯುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ 25. 2012ರಲ್ಲಿ ಈ ಅಂಕಿ ಪ್ರಕಟವಾದಾಗ ಜಗತ್ತಿನ ಕಣ್ಣು ಅರಳಿತು.

ಅದನ್ನೇ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಿಗೆ ಒಯ್ದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿ 2017ರಲ್ಲಿ ಫಲಿತಾಂಶ ಬರೆದರು. ಕೇಂದ್ರಗಳಿಗೆ ಬಂದು ಪಕ್ಕದಲ್ಲಿ ನಿಂತು ಹೇಳಿಕೊಡುವ ಮಾರ್ಗದರ್ಶಕರು ಇರುವಷ್ಟು ದಿನ ಕೆಲಸ ಸುಧಾರಿಸಿತು, ಅವರು ಹೋದ ಮೇಲೆ ಇಳಿಯಿತು. ತಾಯಿ ಮಗುವಿನ ಸಾವು ಮತ್ತು ತೀವ್ರ ತೊಂದರೆಗಳು? ಚೆಕ್‌ಲಿಸ್ಟ್ ಇದ್ದಲ್ಲಿ ಶೇ 15.1, ಇಲ್ಲದಲ್ಲಿ ಶೇ 15.3. ವ್ಯತ್ಯಾಸವೇ ಇಲ್ಲ ಎನ್ನಬೇಕು. ಸಿಬ್ಬಂದಿ ಕೈತೊಳೆದರೂ ರಕ್ತ ಸಿಗದಿದ್ದರೆ, ಸಿಸೇರಿಯನ್ ಆಗುವ ಆಸ್ಪತ್ರೆ ದೂರವಿದ್ದರೆ ಕಾಗದ ಏನು ಮಾಡೀತು? ಈ ಸೋಲನ್ನು ಮುಚ್ಚಿಡದೆ ಪ್ರಕಟಿಸಿದ್ದು ಗೋಕಾಕದ ಗೆಲುವಿನಷ್ಟೇ ಬೆಲೆಯುಳ್ಳದ್ದು. ನರ್ಸಿಂಗ್ ತರಗತಿಯಲ್ಲಿ ಮೊದಲು ಓದಿಸಬೇಕಾದದ್ದು ಬಹುಶಃ ಇದನ್ನೇ.

ಕಲಿಸುವ ಬಗೆಯನ್ನೂ ಕರ್ನಾಟಕದಲ್ಲಿ ಪರೀಕ್ಷೆಗೆ ಒಡ್ಡಿದ್ದುಂಟು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ಅರ್ಧದಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ತರಬೇತಿ ಪಡೆದ ನರ್ಸ್‌ಗಳನ್ನೇ ಮಾರ್ಗದರ್ಶಕರಾಗಿ ಆಗಾಗ ಕಳಿಸಿದರು. ಅವರು ಕೇಂದ್ರದಲ್ಲೇ ಕೂತು, ಕೇಸ್‌ಶೀಟು ತಿರುವಿ, ಔಷಧದ ದಾಸ್ತಾನು ನೋಡಿ, ಸ್ಟಾಫ್ ನರ್ಸ್ ಜೊತೆ ಕೆಲಸ ಮಾಡುತ್ತ ಕಲಿಸಿದರು. ಉಳಿದ ಕೇಂದ್ರಗಳಿಗೆ ಮಾಮೂಲಿ ತರಬೇತಿಯಷ್ಟೇ. ಮಾರ್ಗದರ್ಶಕರು ಹೋದ ಕಡೆ ಸಿಬ್ಬಂದಿಯ ತಿಳಿವಳಿಕೆಯೂ ಕೇಂದ್ರದ ಸಿದ್ಧತೆಯೂ ಚೆನ್ನಾಗಿದ್ದವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಜಿಲ್ಲಾ ಕೇಂದ್ರದ ಹಾಲಿಗೆ ಕರೆಸಿ, ಮೂರು ದಿನ ಸ್ಲೈಡ್ ತೋರಿಸಿ, ಊಟ ಹಾಕಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ನಮ್ಮ ಮಾಮೂಲಿ ಕ್ರಮದ ಬಗ್ಗೆ ಬೇರೆ ಮಾತು ಬೇಕಿಲ್ಲ.

ಮಾರ್ಗದರ್ಶಕರ ಕೈಗೆ ಬರುವ ಮೊದಲು ಆ ನರ್ಸ್ ಏನು ಕಲಿತಿರುತ್ತಾಳೆ? ಎಎನ್‌ಎಂಗೆ ಎರಡು ವರ್ಷ, ಜಿಎನ್‌ಎಂಗೆ ಮೂರು, ಬಿಎಸ್ಸಿ ನರ್ಸಿಂಗಿಗೆ ನಾಲ್ಕು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿಎಸ್ಸಿ ಪಠ್ಯವನ್ನು ಸೆಮಿಸ್ಟರ್ ಪದ್ಧತಿಗೆ ಬದಲಿಸಿ, ಬೊಂಬೆಗಳ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಷನ್ ಪಾಠಕ್ಕೆ ಜಾಗ ಕೊಟ್ಟಿತು. ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಪಠ್ಯದಲ್ಲಿ ಇದ್ದೇ ಇದೆ. ಕಾಗದದ ಮೇಲೆ ಕೊರತೆ ಹೇಳುವುದು ಕಷ್ಟ. ಕರ್ನಾಟಕದಲ್ಲಂತೂ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ; ಕೇರಳದಿಂದ ಬಂದು ಓದುವವರ ಸಂಖ್ಯೆಯೇ ದೊಡ್ಡದು. ತೊಂದರೆ ಎದುರಾಗುವುದು ಪೋಸ್ಟಿಂಗ್ ಶುರುವಾದಾಗ. ತರಗತಿಯಲ್ಲಿ ಕೇಳಿದ್ದು ಒಂದು, ವಾರ್ಡಿನ ಹಿರಿಯ ಸಿಸ್ಟರ್ ಮಾಡಿಸುವುದು ಇನ್ನೊಂದು. ‘ಮೇಡಂ, ಮಾರ್ಗಸೂಚಿಯಲ್ಲಿ ಹೀಗಿಲ್ಲವಲ್ಲ’ ಎನ್ನುವ ಧೈರ್ಯ ಎರಡನೇ ವರ್ಷದ ಹುಡುಗಿಗೆ ಎಲ್ಲಿಂದ ಬರಬೇಕು? ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲೇ ಇದ್ದರೆ ಮುಗಿದೇ ಹೋಯಿತು. ಹಿರಿಯ ಸಿಸ್ಟರನ್ನು ದೂರಿಯೂ ಫಲವಿಲ್ಲ. ಎರಡು ಟೇಬಲ್ಲಿನಲ್ಲಿ ಇಬ್ಬರು ಏಕಕಾಲಕ್ಕೆ ಹೆರುತ್ತಿರುವಾಗ ರಾತ್ರಿ ಪಾಳಿಯ ಒಬ್ಬಳೇ ನರ್ಸ್ ಯಾವ ಚೀಲದ ಗೆರೆ ನೋಡಿಯಾಳು?

ಕೆಲಸ ಇನ್ನೂ ಬಾಕಿಯಿದೆ. 2018-20ರ ಲೆಕ್ಕದಲ್ಲಿ ಕರ್ನಾಟಕದ ತಾಯಿ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69; ದೇಶದ ಸರಾಸರಿ 97ಕ್ಕಿಂತ ಕಡಿಮೆ, ದಕ್ಷಿಣದ ರಾಜ್ಯಗಳಲ್ಲಿ ಮಾತ್ರ ಎಲ್ಲಕ್ಕಿಂತ ಹೆಚ್ಚು. ಪಕ್ಕದ ಕೇರಳದ್ದು 19. ಈ ನಡುವೆ ಚಿಕಿತ್ಸೆಯ ಗೆರೆಯೂ ಸರಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯ ಪ್ರಕಾರ ಈಗ 500 ಎಂ.ಎಲ್. ಆಗುವವರೆಗೆ ಕಾಯುವಂತಿಲ್ಲ. 300 ಎಂ.ಎಲ್. ರಕ್ತ ಹೋಗಿ, ಜೊತೆಗೆ ನಾಡಿ, ಬಿಪಿಯಲ್ಲಿ ಏರುಪೇರು ಕಂಡರೆ ಅಲ್ಲಿಂದಲೇ ಚಿಕಿತ್ಸೆ ಶುರುವಾಗಬೇಕು. ಈಗ ಹೆರಿಗೆ ಕೋಣೆಗಳಲ್ಲಿ ಕೆಲಸ ಮಾಡುತ್ತಿರುವ ಹೆಚ್ಚಿನ ನರ್ಸ್‌ಗಳು ಪರೀಕ್ಷೆಯಲ್ಲಿ 500 ಎಂದು ಬರೆದು ಪಾಸಾದವರು. ಬದಲಾದ ಅಂಕಿ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ ಯಾವಾಗ, ಯಾರ ಮೂಲಕ ತಲುಪುತ್ತದೆ, ಗೆರೆಯಿರುವ ಚೀಲ ಅದರ ಜೊತೆಗೇ ಬರುತ್ತದೆಯೇ ಎಂಬುದನ್ನು ಇಲಾಖೆ ತೀರ್ಮಾನಿಸಬೇಕಿದೆ.